ತೆಗೆಯುವುದು ಮತ್ತು ಬಿಡಿಸುವುದು

ಕನ್ನಡದಲ್ಲಿ ನಾವು ಫೋಟೋ ‘ತೆಗೆಯುತ್ತೇವೆ’, ಚಿತ್ರ ‘ಬಿಡಿಸುತ್ತೇವೆ’. ದಿನವೂ ಆಡುವ ಮಾತುಗಳಾದ್ದರಿಂದ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ಸುಲಭಕ್ಕೆ ಹೊಳೆಯುವುದಿಲ್ಲ. ತೆಗೆಯುವುದು ಎಂದರೆ ಇದ್ದ ಕಡೆಯಿಂದ ಒಂದನ್ನು ಈಚೆಗೆ ತರುವುದು. ಅಲ್ಲಿ ಯಾರೋ ಇದ್ದರು, ಅವರಿಂದ ಏನೋ ಒಂದು ಕ್ಯಾಮೆರಾ ಹಿಡಿದವರ ಕೈಗೆ ಬಂತು. ಬಿಡಿಸುವುದಕ್ಕೆ ಅರ್ಥಗಳು ಹಲವು. ಹೂ ಬಿಡಿಸುತ್ತೇವೆ, ಹತ್ತಿ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಗಿರವಿ ಇಟ್ಟ ಒಡವೆಯನ್ನು ಸಾಲ ತೀರಿಸಿ ಬಿಡಿಸಿಕೊಂಡು ಬರುತ್ತೇವೆ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಇನ್ನೂ ಒಂದು ಬಳಕೆ ಇದೆ. ಮೆಣಸಿನಕಾಯಿಯ ತೊಟ್ಟು ಕೀಳುವುದಕ್ಕೆ ಅಲ್ಲಿ ‘ತುಂಬು ಬಿಡಿಸುವುದು’ ಎನ್ನುತ್ತಾರೆ.

ಈ ಎರಡು ಮಾತುಗಳ ನಡುವೆ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಬೇಕೆನಿಸಿದೆ. ಅನಿಮೇಷನ್ ಕಲಿಯುತ್ತಿರುವ ಒಬ್ಬಳು ಇನ್ನೊಬ್ಬರು ತೆಗೆದ ಫೋಟೋ ನೋಡಿ ತನ್ನ ಚಿತ್ರ ಬಿಡಿಸಿದರೆ, ಆಕೆ ಪಡೆದದ್ದು ಏನು? ಯಾರಿಂದ? ‘ಸ್ಫೂರ್ತಿ ಪಡೆದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಸ್ಫೂರ್ತಿ ಎಂಬ ಪದಕ್ಕೆ ಒಂದು ಅನುಕೂಲವಿದೆ: ಅದನ್ನು ಯಾರೂ ವಾಪಸ್ ಕೇಳುವುದಿಲ್ಲ. ಸಾಲ ಎಂದರೆ ಕೊಟ್ಟವರು ಇರುತ್ತಾರೆ, ಸ್ಫೂರ್ತಿ ಎಂದರೆ ಪಡೆದವರು ಮಾತ್ರ ಇರುತ್ತಾರೆ. ಆ ಅನುಕೂಲ ನ್ಯಾಯವಾದದ್ದೇ ಎಂಬುದು ನನ್ನ ಅನುಮಾನ.

*

ಪ್ರಶ್ನೆ ನನ್ನ ತಲೆಗೆ ತಾನಾಗಿ ಬಂದದ್ದಲ್ಲ. ರಾಣೆಬೆನ್ನೂರಿನ ಒಬ್ಬ ಹುಡುಗಿ, ನನಗೆ ದೂರದಿಂದ ತಂಗಿಯಾಗಬೇಕು, ಬೆಂಗಳೂರಿನಲ್ಲಿ ಅನಿಮೇಷನ್ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಪದವಿಗಾಗಿ ಎರಡು ನಿಮಿಷದ ಒಂದು ಚಿತ್ರ ಮಾಡಬೇಕು. ಊರ ಪಕ್ಕದ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನೇ ಆರಿಸಿಕೊಂಡಳು. ನಾನು ಉತ್ತರ ಕರ್ನಾಟಕದ ದುಡಿಮೆಯ ಚಿತ್ರಣಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವುದರಿಂದ ತಾನು ಕೂಡಿಹಾಕಿದ ಫೋಟೋಗಳನ್ನೆಲ್ಲ ನನಗೆ ತೋರಿಸಿದಳು. ನಲವತ್ತಕ್ಕೂ ಹೆಚ್ಚಿದ್ದವು. ಎಲ್ಲವೂ ಕೆಂಪು.

ಬ್ಯಾಡಗಿಯ ಫೋಟೋ ನೋಡದ ಕನ್ನಡಿಗರು ಕಡಿಮೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಈ ಸುಕ್ಕುಸುಕ್ಕಾದ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಊಟದ ಪದಾರ್ಥಗಳಿಂದ ಹಿಡಿದು ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳ, ಸುತ್ತಲಿನ ಬಯಲು ಎಲ್ಲ ಕೆಂಪು ಹಾಸಿದಂತೆ ಕಾಣುತ್ತದೆ. ಡ್ರೋನ್ ಬಂದ ಮೇಲಂತೂ ಆ ಕೆಂಪಿಗೆ ಕೊನೆಯೇ ಇಲ್ಲ. ಮೇಲಿನಿಂದ ತೆಗೆದ ಫೋಟೋಗಳಲ್ಲಿ ಕೆಂಪು ನೆಲದ ಮೇಲೆ ಹಸಿರು, ಹಳದಿ, ನೀಲಿ ಚುಕ್ಕಿಗಳು. ದೊಡ್ಡದು ಮಾಡಿ ನೋಡಿದರೆ ಪ್ರತಿ ಚುಕ್ಕಿಯೂ ಒಂದು ಸೀರೆ. ಸೀರೆಯ ಒಳಗೆ ಒಬ್ಬ ಹೆಂಗಸು, ಕೂತು ತುಂಬು ಬಿಡಿಸುತ್ತಿದ್ದಾಳೆ.

ಈ ಫೋಟೋಗಳು ಚೆನ್ನಾಗಿವೆ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ಬಣ್ಣ, ವಿನ್ಯಾಸ, ಪುನರಾವರ್ತನೆ ಎಲ್ಲವೂ ಅನಿಮೇಷನ್ ವಿದ್ಯಾರ್ಥಿಗೆ ಪಾಠ. ಆದರೆ ಬ್ಯಾಡಗಿಗೆ ಹೋದವರಿಗೆ ಮೊದಲು ಆಗುವ ಅನುಭವ ಬಣ್ಣದ್ದಲ್ಲ, ಕೆಮ್ಮಿನದು. ಬಸ್ಸಿನಿಂದ ಇಳಿದ ಸ್ವಲ್ಪ ಹೊತ್ತಿಗೆ ಗಂಟಲು ಕೆರೆಯುತ್ತದೆ, ಸೀನು ಶುರುವಾಗುತ್ತದೆ. ಫೋಟೋ ಕೆಮ್ಮುವುದಿಲ್ಲ. ಅಷ್ಟು ಚೆಂದದ ಕೆಂಪಿನ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಬೆಳಗಿನಿಂದ ಕೂತವರ ಉಸಿರು ಅದರಲ್ಲಿ ಬಂದಿರುವುದಿಲ್ಲ.

ಹುಡುಗಿ ಸ್ಟೋರಿಬೋರ್ಡ್ ಮುಗಿಸಿದ್ದಳು. ಒಂದು ಫೋಟೋದಲ್ಲಿದ್ದ ಮುದುಕಿಯ ಮುಖದ ಮೇಲೆ ಟ್ಯಾಬ್ಲೆಟ್‌ನಲ್ಲಿ ಗೆರೆ ಎಳೆದು, ಸುಕ್ಕುಗಳನ್ನು ಮೆಣಸಿನಕಾಯಿಯ ಸುಕ್ಕಿಗೆ ಹೊಂದಿಸಿ, ಕಾಯಿ ಮುಖವಾಗುವ, ಮುಖ ಕಾಯಿಯಾಗುವ ದೃಶ್ಯ ಮಾಡಿದ್ದಳು. ತೋರಿಸುತ್ತಲೇ ಕೇಳಿದಳು: “ಅಕ್ಕಾ, ಈ ಫೋಟೋ ನಂದಲ್ಲ, ಈ ಅಜ್ಜಿ ಯಾರೋ ಗೊತ್ತಿಲ್ಲ. ಆದ್ರ ಗೆರಿ ನಂದು. ಹಂಗಾರ ಈ ಮಾರಿ ಯಾರ್ದು?”

*

ಅನಿಮೇಷನ್‌ಗೂ ಫೋಟೋಗ್ರಫಿಗೂ ಇರುವ ಕೊಡುಕೊಳ್ಳುವಿಕೆ ಹೊಸದಲ್ಲ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ಓಟದ ಒಂದು ಗಳಿಗೆಯಲ್ಲಿ ಕುದುರೆಯ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವೆ, ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿರುತ್ತವೆ ಎಂಬುದು ಅದರಿಂದ ಗೊತ್ತಾಯಿತು. ಅಲ್ಲಿಯವರೆಗೆ ಎಷ್ಟೋ ವರ್ಣಚಿತ್ರಗಳಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುತ್ತಿದ್ದವು. ಕಣ್ಣು ಹಿಡಿಯಲಾಗದ್ದನ್ನು ಕ್ಯಾಮೆರಾ ಹಿಡಿದುಕೊಟ್ಟಿತು.

ನಮ್ಮ ಕಡೆಯ ಹೋರಿ ಬೆದರಿಸುವ ಸ್ಪರ್ಧೆಯ ಫೋಟೋಗಳನ್ನು ನೋಡಿದಾಗಲೂ ಇದೇ ಅನ್ನಿಸುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗುವಾಗ ಬರಿಗಣ್ಣಿಗೆ ಕಾಣುವುದು ಧೂಳು ಮತ್ತು ಗದ್ದಲ. ಫೋಟೋದಲ್ಲಿ ಭುಜದ ಸ್ನಾಯು, ತಿರುಗಿದ ಕಣ್ಣು, ಒಂದು ಕಡೆ ಎತ್ತಿ ಹಾರಿದ ಸರ ಕಾಣುತ್ತದೆ. ಅನಿಮೇಷನ್ ಕಲಿಯುವವರಿಗೆ ಇದು ಶರೀರಶಾಸ್ತ್ರದ ಪಾಠ, ಭಾರದ ಪಾಠ. ‘ಬ್ಯಾಂಬಿ’ ಚಿತ್ರಕ್ಕಾಗಿ ಡಿಸ್ನಿಯವರು ಜೀವಂತ ಜಿಂಕೆಮರಿಗಳನ್ನು ಸ್ಟುಡಿಯೋಕ್ಕೇ ತರಿಸಿ ಕಲಾವಿದರಿಗೆ ನೋಡಿಸಿದ್ದು ಇಂಥ ಪಾಠಕ್ಕಾಗಿಯೇ. ಚಿತ್ರ ಬಂದದ್ದು 1942ರಲ್ಲಿ.

ಮನುಷ್ಯರ ಮೇಲೆ ಗೆರೆ ಎಳೆಯುವುದಕ್ಕೆ ಒಂದು ಯಂತ್ರವೇ ಬಂತು. ಮ್ಯಾಕ್ಸ್ ಫ್ಲೈಷರ್ ರೋಟೋಸ್ಕೋಪ್‌ಗೆ 1915ರಲ್ಲಿ ಅರ್ಜಿ ಹಾಕಿ 1917ರಲ್ಲಿ ಪೇಟೆಂಟ್ ಪಡೆದ. ಚಿತ್ರೀಕರಿಸಿದ ಫಿಲ್ಮನ್ನು ಒಂದೊಂದೇ ಫ್ರೇಮಿನಂತೆ ಗಾಜಿನ ಮೇಲೆ ಬೀಳಿಸಿ ಅದರ ಮೇಲೆ ಚಿತ್ರ ಬಿಡಿಸುವ ಉಪಾಯ ಅದು. ಕೋಕೋ ಎಂಬ ಕೋಡಂಗಿಗೆ ಮೈಕೊಟ್ಟವನು ಫ್ಲೈಷರ್‌ನ ಸ್ವಂತ ತಮ್ಮ ಡೇವ್. ಕೋಡಂಗಿಯ ಬಟ್ಟೆ ಹಾಕಿಕೊಂಡು ಕ್ಯಾಮೆರಾ ಮುಂದೆ ಕುಣಿದ. 1937ರ ‘ಸ್ನೋ ವೈಟ್’ಗೆ ಮಾರ್ಜ್ ಎಂಬ ಯುವ ನರ್ತಕಿ ನಡೆದು, ತಿರುಗಿ, ಕುಣಿದು ತೋರಿಸಿದಳು. ಕಲಾವಿದರು ಆಕೆಯ ಚಲನೆ ನೋಡಿ ರಾಜಕುಮಾರಿಯನ್ನು ಬಿಡಿಸಿದರು. ಚಿತ್ರದ ಹೆಸರುಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ಆದರೂ ತಾನು ಏನಕ್ಕೆ ಮೈಕೊಡುತ್ತಿದ್ದೇನೆ ಎಂಬುದು ಆಕೆಗೆ ಗೊತ್ತಿತ್ತು, ಕೆಲಸಕ್ಕೆ ಕೂಲಿ ಇತ್ತು.

ಫ್ಲೈಷರ್‌ನ ತಮ್ಮನಿಗೆ, ಸ್ನೋ ವೈಟ್‌ನ ನರ್ತಕಿಗೆ ಗೊತ್ತಿದ್ದದ್ದು ನಮ್ಮ ಬ್ಯಾಡಗಿಯ ಅಜ್ಜಿಗೆ ಗೊತ್ತಿಲ್ಲ. ಅಂತರ ಇರುವುದು ಇಲ್ಲಿ. ಆಕೆ ಕ್ಯಾಮೆರಾ ಮುಂದೆ ಕೂತಿರಲಿಲ್ಲ, ಮೆಣಸಿನಕಾಯಿ ಮುಂದೆ ಕೂತಿದ್ದಳು.

*

ಇಂಥ ಪ್ರಶ್ನೆಗೆ ಕಾನೂನು ಏನನ್ನುತ್ತದೆ ಎಂದು ನೋಡಬಹುದು. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಹೆಸರಾಂತ ಪ್ರಕರಣ ತೀರ್ಮಾನಿಸಿತು. ಲಿನ್ ಗೋಲ್ಡ್‌ಸ್ಮಿತ್ ಎಂಬ ಫೋಟೋಗ್ರಾಫರ್ 1981ರಲ್ಲಿ ಸಂಗೀತಗಾರ ಪ್ರಿನ್ಸ್‌ನ ಫೋಟೋ ತೆಗೆದಿದ್ದರು. ಅದನ್ನು ಆಧರಿಸಿ ಆ್ಯಂಡಿ ವಾರ್ಹಾಲ್ ಬಣ್ಣಬಣ್ಣದ ಚಿತ್ರಗಳ ಸರಣಿಯನ್ನೇ ಮಾಡಿದ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದರಲ್ಲಿ ಒಂದು ಪತ್ರಿಕೆಯ ಮುಖಪುಟಕ್ಕೆ ಹೋಯಿತು. ಹಣ ವಾರ್ಹಾಲ್ ಪ್ರತಿಷ್ಠಾನಕ್ಕೆ ಬಂತು, ಗೋಲ್ಡ್‌ಸ್ಮಿತ್‌ಗೆ ಏನೂ ಬರಲಿಲ್ಲ. ನ್ಯಾಯಾಲಯ 7–2ರ ಬಹುಮತದಲ್ಲಿ ಗೋಲ್ಡ್‌ಸ್ಮಿತ್ ಪರ ನಿಂತಿತು. ಶೈಲಿ ಬದಲಾಯಿಸಿದ ಮಾತ್ರಕ್ಕೆ ಇನ್ನೊಬ್ಬರ ಫೋಟೋ ನಿನ್ನದಾಗುವುದಿಲ್ಲ ಎಂಬುದು ವಿದ್ಯಾರ್ಥಿಗಳು ಅದರಿಂದ ತೆಗೆದುಕೊಳ್ಳಬಹುದಾದ ಸಾರ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಫೋಟೋ ಒಂದು ಕಲಾಕೃತಿ. ಅದರ ಹಕ್ಕು ಸಾಮಾನ್ಯವಾಗಿ ತೆಗೆದವರದು. ಮದುವೆಮನೆಯವರಂತೆ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರದು. ಈ ಲೆಕ್ಕದಲ್ಲಿ ತೆಗೆದವರಿಗೆ ಜಾಗವಿದೆ, ದುಡ್ಡು ಕೊಟ್ಟವರಿಗೆ ಜಾಗವಿದೆ. ಫೋಟೋದೊಳಗೆ ಇರುವವರಿಗೆ ಇಲ್ಲ. ಗೋಲ್ಡ್‌ಸ್ಮಿತ್ ಮತ್ತು ವಾರ್ಹಾಲ್ ನಡುವಿನ ಜಗಳವೂ ಚಿತ್ರ ಮಾಡುವ ಇಬ್ಬರ ನಡುವಿನದೇ. ಮುಖದ ಒಡೆಯನ ಮಾತು ಅಲ್ಲಿ ಬರಲಿಲ್ಲ. ಪ್ರಿನ್ಸ್ ಲೋಕಪ್ರಸಿದ್ಧ, ಅವನಿಗೆ ಅದರಿಂದ ನಷ್ಟವಾಗಲಿಲ್ಲ ಅನ್ನಬಹುದು. ಪ್ರಸಿದ್ಧರಲ್ಲದವರ ಕತೆ ಬೇರೆ.

1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ‘ಮೈಗ್ರಂಟ್ ಮದರ್’ ಎಂಬ ಹೆಸರಿನಲ್ಲಿ ಅದು ಇಪ್ಪತ್ತನೆಯ ಶತಮಾನದ ಬಡತನದ ಮುಖವೇ ಆಯಿತು. ಲ್ಯಾಂಗ್ ಆಕೆಯ ಹೆಸರು ಕೇಳಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ನಂತರ. ಆ ಚಿತ್ರದಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಎಂಬ ನೋವು ಆಕೆಗಿತ್ತು. ಸರ್ಕಾರದ ಕೆಲಸಕ್ಕೆ ತೆಗೆದದ್ದಾದ್ದರಿಂದ ಆ ಫೋಟೋ ಮೇಲೆ ಯಾರದೂ ಹಕ್ಕಿಲ್ಲ, ಯಾರು ಬೇಕಾದರೂ ಬಳಸಬಹುದು. ಕಾನೂನಿನ ಪ್ರಕಾರ ಎಲ್ಲ ಸರಿ. ಆದರೂ ಆ ತಾಯಿಯ ದೂರನ್ನು ತಪ್ಪು ಅನ್ನಲು ನಮ್ಮ ಬಾಯಿ ಬರುವುದಿಲ್ಲ. ಕಾನೂನು ಮುಗಿದ ಮೇಲೂ ಉಳಿಯುವ ಈ ಬಾಕಿಗೆ ಕನ್ನಡದಲ್ಲಿ ಒಳ್ಳೆಯ ಪದವಿದೆ: ಋಣ.

*

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಅದನ್ನು ನಾನೇ ಹುಡುಗಿಯ ಪರವಾಗಿ ಎತ್ತುತ್ತೇನೆ. ಗೆರೆ ಮುಖವಲ್ಲ. ಫೋಟೋದಲ್ಲಿ ಆ ಅಜ್ಜಿಯ ಮೇಲೆ ಬಿದ್ದ ಬೆಳಕೇ ಬಂದು ಕೂತಿದೆ, ಹಾಗಾಗಿ ಫೋಟೋ ಅವಳ ತುಣುಕು. ಚಿತ್ರದಲ್ಲಿ ಹಾಗಿಲ್ಲ. ಯಾವ ಗೆರೆ ಇರಬೇಕು, ಯಾವುದು ಬೇಡ ಎಂದು ಬಿಡಿಸುವವಳು ನಿರ್ಧರಿಸಿದ್ದಾಳೆ. ಅಜ್ಜಿಯ ಮೊಮ್ಮಕ್ಕಳೇ ನೋಡಿದರೂ ಗುರುತು ಹಿಡಿಯಲಾರರು. ಗುರುತೇ ಸಿಗದ ಮೇಲೆ ಯಾರಿಗೆ ಏನು ಅನ್ಯಾಯ? ಕಲೆ ಯಾವಾಗಲೂ ಹೀಗೇ ಬೆಳೆದದ್ದಲ್ಲವೆ? ಕತೆಗಾರರು ಊರ ಮಂದಿಯನ್ನು ಹೆಸರು ಬದಲಿಸಿ ಕತೆಗೆ ತರುವುದಿಲ್ಲವೆ?

ಆಕ್ಷೇಪದಲ್ಲಿ ಅರ್ಧ ನಿಜವಿದೆ. ಗುರುತು ಅಳಿಸುವುದು ಎಷ್ಟೋ ಸಲ ದಯೆ. 2021ರ ಡ್ಯಾನಿಶ್ ಚಿತ್ರ ‘ಫ್ಲೀ’ಯಲ್ಲಿ ಅಫ್ಘಾನಿಸ್ತಾನದಿಂದ ಓಡಿಬಂದ ಒಬ್ಬಾತ ತನ್ನ ಕತೆ ಹೇಳುತ್ತಾನೆ. ಚಿತ್ರದಲ್ಲಿರುವ ಅಮೀನ್ ಎಂಬುದು ನಿಜವಾದ ಹೆಸರಲ್ಲ. ಅನಿಮೇಷನ್ ಅವನ ಮುಖವನ್ನು ಮುಚ್ಚಿ, ಅವನ ಮಾತಿಗೆ ಜಾಗ ಮಾಡಿಕೊಟ್ಟಿತು. ಕ್ಯಾಮೆರಾ ಎದುರು ಹೇಳಲಾಗದ್ದನ್ನು ಗೆರೆಯ ಮರೆಯಲ್ಲಿ ಹೇಳಲು ಸಾಧ್ಯವಾಯಿತು.

ಬ್ಯಾಡಗಿಯಲ್ಲೂ ಇದಕ್ಕೆ ಉದಾಹರಣೆ ಹುಡುಕಬಹುದು. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ಬೆಲೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಫೋಟೋಗಳು, ಮೊಬೈಲ್ ವಿಡಿಯೋಗಳು ಗಂಟೆಗಳಲ್ಲಿ ನಾಡಿನ ತುಂಬ ಹರಡಿದವು. ಅದೇ ಊರು, ಅದೇ ಕೆಂಪು, ಈ ಸಲ ಬೆಂಕಿಯದು. ಆ ದಿನದ ಬಗ್ಗೆ ಯಾರಾದರೂ ಅನಿಮೇಷನ್ ಮಾಡುವುದಾದರೆ ಮುಖಗಳನ್ನು ಇದ್ದಂತೆ ಬಿಡಿಸುವುದು ಪ್ರಾಮಾಣಿಕತೆ ಆಗಲಾರದು. ಗುಂಪಿನಲ್ಲಿ ಸುಮ್ಮನೆ ನಿಂತವನಿಗೂ ಅದು ಅಪಾಯ ತರಬಹುದು. ಸಿಟ್ಟನ್ನು, ವರ್ಷದ ದುಡಿಮೆ ಒಂದು ಬೆಳಗಿನಲ್ಲಿ ಅಗ್ಗವಾದ ಸಂಕಟವನ್ನು ತೋರಿಸಿ, ಯಾರ ಮುಖವನ್ನೂ ಯಾರ ಕೈಗೂ ಒಪ್ಪಿಸದೆ ಇರುವ ಶಕ್ತಿ ಗೆರೆಗೆ ಇದೆ, ಫೋಟೋಗೆ ಇಲ್ಲ.

ಹಾಗಾದರೆ ಗುರುತು ಅಳಿಸುವುದು ಒಂದು ಕಡೆ ದಯೆ, ಇನ್ನೊಂದು ಕಡೆ ಕಳವು ಆಗುವುದು ಹೇಗೆ? ಯಾರಿಗಾಗಿ ಅಳಿಸಿದೆ ಎಂಬುದರಿಂದ. ‘ಫ್ಲೀ’ಯಲ್ಲಿ ಮುಖ ಅಳಿಸಿದ್ದು ಮುಖದ ಒಡೆಯನ ಅನುಕೂಲಕ್ಕೆ. ಅಜ್ಜಿಯ ಮುಖ ಬದಲಾದದ್ದು ಚಿತ್ರ ಮಾಡುವವಳ ಅನುಕೂಲಕ್ಕೆ. ಗುರುತು ಸಿಗದಂತೆ ಮಾಡಿದರೆ ಸಾಲ ತೀರುವುದಿಲ್ಲ, ಸಾಲ ಕೊಟ್ಟವರಿಗೆ ನಮ್ಮ ಮನೆ ಸಿಗದಂತೆ ಆಗುತ್ತದೆ, ಅಷ್ಟೆ.

2025ರ ಮಾರ್ಚಿನಲ್ಲಿ ಇದು ಲೋಕದ ಆಟವೇ ಆಗಿಹೋಯಿತು. ಯಾವ ಫೋಟೋ ಹಾಕಿದರೂ ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ತಿರುಗಿಸಿಕೊಡುವ ಕೃತಕ ಬುದ್ಧಿಮತ್ತೆ ಬಂದು, ನಮ್ಮ ವಾಟ್ಸ್ಆ್ಯಪ್ ಗುಂಪುಗಳ ತುಂಬ ದೊಡ್ಡ ಕಣ್ಣಿನ ಮುಖಗಳು ತುಂಬಿಕೊಂಡವು. ಮದುವೆ, ಮಗುವಿನ ಹುಟ್ಟುಹಬ್ಬದ ಜೊತೆಗೆ ದುರಂತಗಳ ಫೋಟೋಗಳನ್ನೂ ಜನ ಹಾಗೆ ತಿರುಗಿಸಿದರು. ಸುಡುವ ಕಟ್ಟಡವೂ ಮುದ್ದಾಗಿ ಕಂಡಿತು. ಹಯಾವೊ ಮಿಯಾಝಾಕಿಯವರ ತಂಡ ಒಂದೊಂದೇ ಫ್ರೇಮ್ ಬಿಡಿಸಿ ಕಟ್ಟಿದ ನೋಟ ಅಲ್ಲಿ ಒಂದು ಫಿಲ್ಟರ್ ಆಯಿತು. ಫೋಟೋದಲ್ಲಿದ್ದವರನ್ನೂ ಕೇಳಲಿಲ್ಲ, ಶೈಲಿ ಕಟ್ಟಿದವರನ್ನೂ ಕೇಳಲಿಲ್ಲ. ‘ಫೋಟೋದಿಂದ ಅನಿಮೇಷನ್‌ಗೆ’ ಎಂಬ ದಾರಿ ಒಂದು ಗುಂಡಿ ಒತ್ತಿದರೆ ಮುಗಿಯುವಷ್ಟು ಸಣ್ಣದಾದಾಗ, ಆ ದಾರಿಯ ನಡುವೆ ಏನಿತ್ತು ಎಂದು ಕೇಳಲೇಬೇಕಾಗುತ್ತದೆ.

*

ನಡುವೆ ಇದ್ದದ್ದು ಹೊತ್ತು. ಲೆಕ್ಕ ಹಾಕಿ ನೋಡಿ. ಬಿಸಿಲಿನಲ್ಲಿ ತೆಗೆದ ಫೋಟೋಗೆ ಕ್ಯಾಮೆರಾದ ಕಣ್ಣು ತೆರೆದಿರುವುದು ಸೆಕೆಂಡಿನ 250ನೆಯ ಒಂದು ಭಾಗ ಇರಬಹುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬಿಡಿಸುವವರು ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಎರಡು ನಿಮಿಷಕ್ಕೆ 1,440. ಒಂದು ಕಾಯಿಯ ತುಂಬು ಬಿಡಿಸುವ ಕೈಯನ್ನು ಮೂರು ಸೆಕೆಂಡು ತೋರಿಸಬೇಕೆಂದರೆ ಆ ಕೈಯನ್ನು 36 ಸಲ ಬಿಡಿಸಬೇಕು. ಹೆಬ್ಬೆರಳು ಎಲ್ಲಿ ಮಡಚುತ್ತದೆ, ಉಗುರು ಎಲ್ಲಿ ಒತ್ತುತ್ತದೆ, ತೊಟ್ಟು ಬಿಟ್ಟ ಕೂಡಲೆ ಮಣಿಕಟ್ಟು ಹೇಗೆ ತಿರುಗುತ್ತದೆ ಎಂದು 36 ಸಲ ಯೋಚಿಸಬೇಕು. ಫೋಟೋಗ್ರಾಫರ್ ಕಣ್ಣು ಮಿಟುಕಿಸುವಷ್ಟರಲ್ಲಿ ಪಡೆದದ್ದನ್ನು ಅನಿಮೇಷನ್ ಮಾಡುವವಳು ದಿನಗಟ್ಟಲೆ ನೋಡುತ್ತಾಳೆ.

ಹೀಗೆ ನೋಡುವುದೇ ಋಣ ತೀರಿಸುವ ರೀತಿ ಎಂದು ಹೇಳಿಬಿಡಬಹುದಿತ್ತು. ಎಷ್ಟೋ ದಿನ ನನಗೂ ಆ ಉತ್ತರ ಆಕರ್ಷಕವಾಗಿತ್ತು. ಆದರೆ ಅದಕ್ಕೊಂದು ಕೊರತೆಯಿದೆ. ನಾನು ಬೆಂಗಳೂರಿನ ಕೋಣೆಯಲ್ಲಿ ಕೂತು ಒಬ್ಬರ ಕೈಯನ್ನು ಎಷ್ಟೇ ಪ್ರೀತಿಯಿಂದ ನೋಡಿದರೂ ಅದು ಅವರಿಗೆ ತಲುಪುವುದಿಲ್ಲ. ನನ್ನ ಕಣ್ಣು ಸೂಕ್ಷ್ಮವಾಗುತ್ತದೆ, ನನ್ನ ಕಲೆ ಬೆಳೆಯುತ್ತದೆ. ಲಾಭ ಮತ್ತೆ ನನ್ನ ಕಡೆಗೇ. ಗಮನ ಒಳ್ಳೆಯ ಗುಣ. ಆದರೆ ಕೊಟ್ಟವರಿಗೆ ಗೊತ್ತೇ ಇಲ್ಲದ ಗಮನವನ್ನು ಮರುಪಾವತಿ ಅನ್ನಲಾಗದು.

ಇಲ್ಲಿ ಸಮಕಾಲೀನ ಫೋಟೋಗ್ರಫಿಯೇ ನಮಗೆ ದಾರಿ ತೋರಿಸುತ್ತದೆ ಎಂಬುದು ನನ್ನ ನಂಬಿಕೆ. ಏಕೆಂದರೆ ಈ ಪ್ರಶ್ನೆಯನ್ನು ಫೋಟೋಗ್ರಾಫರ್‌ಗಳು ನಮಗಿಂತ ಮೊದಲೇ ತಮಗೆ ಕೇಳಿಕೊಂಡಿದ್ದಾರೆ. ಗೌರಿ ಗಿಲ್ 2013ರಿಂದ ಮಹಾರಾಷ್ಟ್ರದ ವಾರ್ಲಿ ಕಲಾವಿದ ರಾಜೇಶ್ ವಾಂಗಡ್ ಜೊತೆ ‘ಫೀಲ್ಡ್ಸ್ ಆಫ್ ಸೈಟ್’ ಎಂಬ ಕೆಲಸ ಮಾಡಿದರು. ವಾಂಗಡ್ ಅವರ ಊರಿನ ನೆಲವನ್ನು, ಆ ನೆಲದಲ್ಲಿ ನಿಂತ ಅವರನ್ನು ಗಿಲ್ ಫೋಟೋ ತೆಗೆದರು. ಆ ಫೋಟೋದ ಮೇಲೆ ವಾಂಗಡ್ ತಮ್ಮ ಸಣ್ಣ ಸಣ್ಣ ಗೆರೆಗಳಲ್ಲಿ, ಕ್ಯಾಮೆರಾಗೆ ಕಾಣದ ಕತೆಗಳನ್ನು ಬಿಡಿಸಿದರು. ಕೃತಿಯ ಮೇಲೆ ಇಬ್ಬರ ಹೆಸರೂ ಇದೆ. ತೆಗೆದವರು ಒಬ್ಬರು, ಬಿಡಿಸಿದವರು ಆ ನೆಲದವರೇ. 2015ರಿಂದ ಗಿಲ್ ಮಾಡಿದ ‘ಆ್ಯಕ್ಟ್ಸ್ ಆಫ್ ಅಪಿಯರೆನ್ಸ್’ನಲ್ಲಿ ಜವ್ಹಾರ್ ಸೀಮೆಯ ಮುಖವಾಡ ಕಲಾವಿದರನ್ನು ಕೇಳಿಕೊಂಡು ದಿನನಿತ್ಯದ ಬದುಕಿನ ಮುಖವಾಡಗಳನ್ನು ಮಾಡಿಸಿದರು. ಊರವರೇ ಅವನ್ನು ತೊಟ್ಟು ತಮ್ಮ ಬದುಕಿನ ದೃಶ್ಯಗಳನ್ನು ಆಡಿ ತೋರಿಸಿದರು. ಕ್ಯಾಮೆರಾಗೆ ಏನು ಕೊಡಬೇಕೆಂದು ನಿರ್ಧರಿಸಿದ್ದರಲ್ಲಿ ಅವರ ಪಾಲೂ ಇತ್ತು.

ಬೆಂಗಳೂರಿನ ಪುಷ್ಪಮಾಲಾ ಎನ್. ಇನ್ನೊಂದು ದಾರಿ ಹಿಡಿದರು. ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ದಲ್ಲಿ ಕ್ಯಾಲೆಂಡರ್ ಚಿತ್ರ, ಸಿನಿಮಾ, ವಸಾಹತು ಕಾಲದ ಫೋಟೋಗಳಲ್ಲಿ ಬರುವ ಹೆಂಗಸರ ಜಾಗದಲ್ಲಿ ತಾವೇ ಹೋಗಿ ನಿಂತರು. ಇನ್ನೊಬ್ಬರನ್ನು ನೋಡುವ ಕಣ್ಣು ತನ್ನ ಮೈಮೇಲೆ ಬಿದ್ದರೆ ಹೇಗಿರುತ್ತದೆ ಎಂಬುದು ಆ ಕೆಲಸದ ಒಳಗಿನ ಪ್ರಶ್ನೆ. ಅನಿಮೇಷನ್ ವಿದ್ಯಾರ್ಥಿಗೆ ಇದು ಹೊಸದೆನಿಸಬಾರದು. ಅನಿಮೇಟರ್‌ಗಳು ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು ತಮ್ಮ ಮುಖವನ್ನೇ ನೋಡಿ ಬಿಡಿಸುವುದು ಹಳೆಯ ರೂಢಿ.

ಅನಿಮೇಷನ್ ವಿದ್ಯಾರ್ಥಿ ಫೋಟೋಗ್ರಫಿಯಿಂದ ಪಡೆಯಬಹುದಾದ ದೊಡ್ಡದು ಕೆಂಪು ಬಣ್ಣವಲ್ಲ, ಡ್ರೋನಿನ ಎತ್ತರವಲ್ಲ. ಎದುರಿಗಿರುವವರ ಜೊತೆ ಯಾವ ಸಂಬಂಧದಲ್ಲಿ ನಿಲ್ಲಬೇಕು ಎಂಬ ಯೋಚನೆ.

*

ನಾನು ಇಷ್ಟನ್ನೂ ಹುಡುಗಿಗೆ ಹೇಳಿದಾಗ ಅವಳು ವಾದ ಮಾಡಲಿಲ್ಲ. ರಜೆಗೆ ಬಂದಾಗ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋದಳು, ಸೋಮವಾರ ಒಂದು ಸಲ, ಗುರುವಾರ ಇನ್ನೊಂದು ಸಲ. ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವ ದಿನಗಳು ಅವು. ಕ್ಯಾಮೆರಾ ಒಯ್ಯಲಿಲ್ಲ, ಸ್ಕೆಚ್ ಪುಸ್ತಕ ಒಯ್ದಳು. ಮೊದಲ ದಿನ ತುಂಬು ಬಿಡಿಸುವವರ ಪಕ್ಕ ಕೂತು ತಾನೂ ಬಿಡಿಸಿದಳು. ಒಂದು ತಾಸಿಗೆ ಹೆಬ್ಬೆರಳು ಉರಿಯಿತು, ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಅಳುವಂತಾಯಿತು, ಸುತ್ತಲಿನವರು ನಕ್ಕರು. ಆ ನಗು ಅವಳ ನಲವತ್ತು ಫೋಟೋಗಳಲ್ಲಿ ಒಂದರಲ್ಲೂ ಇರಲಿಲ್ಲ. ಬಿಡಿಸುವ ಕೈ ಕಾಯಿಯನ್ನು ನೋಡುವುದೇ ಇಲ್ಲ ಎಂಬುದೂ ಆಗಲೇ ಗೊತ್ತಾದದ್ದು. ಕಣ್ಣು ಪಕ್ಕದವರ ಮೇಲೆ, ಮಾತು ಮಗಳ ಮದುವೆಯ ಮೇಲೆ, ಕೈ ಮಾತ್ರ ತನ್ನಷ್ಟಕ್ಕೆ ನಡೆದಿರುತ್ತದೆ.

ಒಬ್ಬಾಕೆ ಅವಳಿಗೆ ಹೇಳಿದ ಮಾತನ್ನು ಅವಳು ನನಗೆ ಹಾಗೇ ಒಪ್ಪಿಸಿದಳು: “ಫೋಟೋ ತಗೊಂಡು ಹೋದವ್ರು ಭಾಳ ಮಂದಿ ಅದಾರ ಯವ್ವಾ. ತೋರ್ಸಾಕ ಅಂತ ತಿರುಗಿ ಬಂದವ್ರು ಒಬ್ರೂ ಇಲ್ಲ.”

ಆ ಹೆಂಗಸು ದುಡ್ಡು ಕೇಳಲಿಲ್ಲ, ಹೆಸರು ಹಾಕಿ ಅನ್ನಲಿಲ್ಲ. ಫೋಟೋ ತೆಗೆಯಬೇಡಿ ಅಂತಲೂ ಹೇಳಲಿಲ್ಲ. ತಿರುಗಿ ಬರಲಿಲ್ಲ ಅಂದಳು. ಪುಸ್ತಕಗಳಲ್ಲಿ ನಾನು ಹುಡುಕುತ್ತಿದ್ದ ಮಾನದಂಡಕ್ಕಿಂತ ಇದು ಸರಳ, ಪಾಲಿಸಲು ಅದಕ್ಕಿಂತ ಕಷ್ಟ. ತೆಗೆದದ್ದನ್ನು ತೆಗೆದ ಜಾಗಕ್ಕೆ ಒಯ್ದು ತೋರಿಸುವುದು. ಗಿರವಿ ಬಿಡಿಸುವುದಕ್ಕೂ ಇಟ್ಟ ಅಂಗಡಿಗೇ ಹೋಗಬೇಕಲ್ಲ!

ಹುಡುಗಿ ಸ್ಟೋರಿಬೋರ್ಡ್ ಬದಲಿಸಿದಳು. ಮುಖ ಕಾಯಿಯಾಗುವ ದೃಶ್ಯ ಹೋಯಿತು. ಅದು ಜಾಣ ದೃಶ್ಯವೇ ಆಗಿತ್ತು. ಆದರೆ ಒಬ್ಬರ ಮುಪ್ಪನ್ನು ಅವರು ಮಾರದ, ಬೆಳೆಯದ, ಕೂಲಿಗೆ ಮುಟ್ಟುವ ಸರಕಿಗೆ ಹೋಲಿಸುವುದು ಅವರ ಪಕ್ಕ ಕೂತ ಮೇಲೆ ಆಗದ ಮಾತು ಅಂದಳು. ಈಗ ಚಿತ್ರದ ತುಂಬ ಕೈಗಳು. ಅವುಗಳಿಗೆ ಆಧಾರ ಅವಳದೇ ಕೈ, ಮನೆಯಲ್ಲಿ ಮೊರದ ತುಂಬ ಮೆಣಸಿನಕಾಯಿ ಇಟ್ಟುಕೊಂಡು ಮೊಬೈಲಿನಲ್ಲಿ ತೆಗೆದುಕೊಂಡ ವಿಡಿಯೋ. ಹಿನ್ನೆಲೆಗೆ ಬಳಸಿದ ಎರಡು ಫೋಟೋಗಳಿಗೆ ತೆಗೆದವರನ್ನು ಹುಡುಕಿ ಅನುಮತಿ ಪಡೆದಳು. ಅಜ್ಜಿಯ ಫೋಟೋ ತೆಗೆದವರೂ ಸಿಗಲಿಲ್ಲ, ಅಜ್ಜಿಯೂ ಸಿಗಲಿಲ್ಲ. ಅದನ್ನು ಬಳಸಲಿಲ್ಲ.

*

ಬ್ಯಾಡಗಿ ತಾಲ್ಲೂಕಿನಲ್ಲೇ ಕಾಗಿನೆಲೆ ಇದೆ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತ ಮತ್ತು ರಾಗಿ ಎದುರುಬದುರು ನಿಂತು ಜಗಳವಾಡುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಸೆರೆಯಿಂದ ಬರುವಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಕಾಳಿಗೆ ಜೀವ ಕೊಟ್ಟು ಮಾತಾಡಿಸಿದ ಆ ಕೆಲಸ ಅನಿಮೇಷನ್‌ನ ನೆಂಟ ಎಂದೇ ನನಗೆ ತೋರುತ್ತದೆ. ಅಲ್ಲಿ ರಾಗಿ ಗೆಲ್ಲುವುದು ಕವಿಯ ಕರುಣೆಯಿಂದಲ್ಲ. ರಾಗಿ ನಿಜಕ್ಕೂ ಬಹುಕಾಲ ಕೆಡದೆ ಉಳಿಯುವ ಕಾಳು. ಬಡವರ ಕಣಜದಲ್ಲಿ ಅದು ಏನು ಮಾಡುತ್ತದೋ ಅದನ್ನೇ ಕಾವ್ಯದಲ್ಲೂ ಮಾಡಿತು. ಜೀವ ಕೊಡುವವನು ತನಗೆ ಬೇಕಾದ ಜೀವ ಕೊಡದೆ, ಆ ಕಾಳಿನದೇ ಆದ ಜೀವ ಕೊಟ್ಟ. ಕಾಳನ್ನು ಕೇಳಲು ಬರುವುದಿಲ್ಲ, ಅದರ ಗುಣವನ್ನು ಬಲ್ಲವರಾಗಬಹುದು. ಮನುಷ್ಯರನ್ನಾದರೆ ಕೇಳಬಹುದು.

ಕೇಳಲು ಆಗದ ಸಂದರ್ಭಗಳು ಉಳಿದೇ ಇರುತ್ತವೆ. ನೂರು ವರ್ಷದ ಹಿಂದಿನ ಹೆಸರಿಲ್ಲದ ಫೋಟೋ, ಯುದ್ಧದಲ್ಲಿ ಸತ್ತವರ ಫೋಟೋ, ನಾವು ಹೋಗಲಾಗದ ದೇಶದ ಫೋಟೋ. 2008ರ ‘ವಾಲ್ಟ್ಸ್ ವಿತ್ ಬಶೀರ್’ನಲ್ಲಿ ಆರಿ ಫೋಲ್ಮನ್ 1982ರ ಲೆಬನಾನ್ ಯುದ್ಧದ ನೆನಪುಗಳನ್ನು ಅನಿಮೇಷನ್‌ನಲ್ಲಿ ಹೇಳಿ, ಕೊನೆಗೆ ಸಬ್ರಾ ಮತ್ತು ಶತೀಲಾದ ಹತ್ಯೆಯ ನಿಜವಾದ ವಿಡಿಯೋಕ್ಕೆ ಬರುತ್ತಾರೆ. ಗೆರೆ ಅಲ್ಲಿ ಹಿಂದೆ ಸರಿಯುತ್ತದೆ. ಇದು ಚಿತ್ರವಲ್ಲ, ಇವರು ಇದ್ದರು ಎಂದು ಹೇಳಬೇಕಾದಾಗ ಫೋಟೋಗೆ ಜಾಗ ಬಿಡಬೇಕಾಗುತ್ತದೆ. ಸತ್ತವರನ್ನು ಹಾಗೆ ತೋರಿಸಬಹುದೆ ಎಂಬ ಪ್ರಶ್ನೆ ಆ ಚಿತ್ರದ ಬಗ್ಗೆಯೂ ಏಳುತ್ತದೆ, ಏಳಬೇಕು. ಎಲ್ಲಕ್ಕೂ ಒಂದೇ ನಿಯಮ ಬರೆದುಕೊಡುವುದು ನನ್ನಿಂದ ಆಗದು. ಕೇಳಲಾಗದಿದ್ದಲ್ಲಿ ಬಳಸದೆ ಬಿಡುವುದು ಕೆಲವೊಮ್ಮೆ ಸರಿ, ಬಳಸದೆ ಬಿಟ್ಟರೆ ಮರೆವಿಗೆ ನೆರವಾದಂತೆ ಎಂಬುದು ಕೆಲವೊಮ್ಮೆ ಸರಿ. ಬಳಸುವವರು ಕನಿಷ್ಠ ಒಂದು ಮಾಡಬಹುದು: ಹೆಸರುಪಟ್ಟಿಯಲ್ಲಿ ‘ಹೆಸರು ತಿಳಿಯದ ಒಬ್ಬರು’ ಎಂದು ಬರೆದು ಆ ಖಾಲಿ ಜಾಗವನ್ನು ನೋಡುವವರಿಗೂ ಕಾಣಿಸುವುದು.

ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳು. ನಿಮ್ಮ ಫೋನಿನಲ್ಲೂ ‘ರೆಫರೆನ್ಸ್’ ಎಂಬ ಒಂದು ಫೋಲ್ಡರ್ ಇರಬಹುದು. ಅದನ್ನು ಅಳಿಸಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಹತ್ತಿರದ ಊರಿನ ಫೋಟೋ ಒಂದಾದರೂ ಇದ್ದರೆ, ಒಂದು ದಿನ ಆ ಊರಿಗೆ ಹೋಗಿ ಬನ್ನಿ. ನೀವು ಬಿಡಿಸಿದ್ದನ್ನು ಅಲ್ಲಿಯವರಿಗೆ ತೋರಿಸಿ. ಹೊಗಳಿಕೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ನಮ್ಮ ಹಾವೇರಿ ಸೀಮೆಯವರು ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದೇ ಹೇಳುತ್ತಾರೆ. ಹಾಗೆ ಹೇಳುವ ಅವಕಾಶ ಇಷ್ಟು ವರ್ಷ ಅವರಿಗೆ ಸಿಕ್ಕಿರಲಿಲ್ಲ. ಅದನ್ನು ಅವರಿಗೆ ಕೊಡುವುದು ಋಣದ ಮೊದಲ ಕಂತು.